ವಾಸಿ ಮಾಡುವ ಮಾತ್ರೆ ಇದ್ದರೂ ಹೆಪಟೈಟಿಸ್ ಸಿ ಲೆಕ್ಕ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ ಹೆಪಟೈಟಿಸ್ ಸಿ ಇತ್ತು. ಮೂರು ತಿಂಗಳು ಮಾತ್ರೆ ತಗೊಂಡರು, ಪೂರ್ತಿ ವಾಸಿಯಾಗಿದೆ ಅಂತ ಡಾಕ್ಟರ್ ಹೇಳಿದರು. ಎರಡು ವರ್ಷ ಆದ ಮೇಲೆ ಹರ್ನಿಯಾ ಆಪರೇಷನ್ನಿಗೆ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಮತ್ತೆ ಪಾಸಿಟಿವ್ ಬಂದಿದೆ. ಮನೆಯವರೆಲ್ಲ ಗಾಬರಿಯಾಗಿದ್ದಾರೆ. ಇಷ್ಟು ಒಳ್ಳೆ ಔಷಧಿ ಬಂದಿದ್ದರೂ ಎಷ್ಟೋ ದೇಶಗಳಲ್ಲಿ ಈ ಕಾಯಿಲೆಯವರ ಸಂಖ್ಯೆ ಏರುತ್ತಲೇ ಇದೆ ಅಂತಲೂ ಓದಿದೆ. ಇಡೀ ದೇಶದಲ್ಲಿ ಎಷ್ಟು ಜನಕ್ಕೆ ಇದೆ, ಎಷ್ಟು ಜನಕ್ಕೆ ಔಷಧಿ ಸಿಕ್ಕಿದೆ ಅಂತ ಹೇಗೆ ಲೆಕ್ಕ ಹಾಕುತ್ತಾರೆ? ಆ ಲೆಕ್ಕವನ್ನು ನಂಬಬಹುದಾ?

ಉತ್ತರ: ಮೊದಲು ನಿಮ್ಮ ದೊಡ್ಡಪ್ಪನವರ ವಿಷಯ ಹೇಳಿಬಿಡುತ್ತೇನೆ. ಅವರ ವರದಿಯಲ್ಲಿ ಗಾಬರಿ ಬೀಳುವಂಥದ್ದು ಬಹುಶಃ ಏನೂ ಇಲ್ಲ. ಹೆಪಟೈಟಿಸ್ ಸಿ ಅಂದರೆ ರಕ್ತದ ಮೂಲಕ ಹರಡಿ ಲಿವರ್ ಕೆಡಿಸುವ ವೈರಸ್ ಕಾಯಿಲೆ. ಆಪರೇಷನ್ನಿಗೆ ಮುಂಚೆ ಸಾಮಾನ್ಯವಾಗಿ ಮಾಡುವುದು ಆಂಟಿಬಾಡಿ ಟೆಸ್ಟ್, ಅಂದರೆ ವೈರಸ್ ವಿರುದ್ಧ ಮೈ ತಯಾರಿಸಿಕೊಂಡ ಪ್ರೋಟೀನ್ ರಕ್ತದಲ್ಲಿ ಇದೆಯಾ ಅಂತ ನೋಡುವ ಪರೀಕ್ಷೆ. ವೈರಸ್ ಯಾವಾಗಲೋ ಒಮ್ಮೆ ಮೈಯೊಳಗೆ ಬಂದಿತ್ತು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ಗಾಯ ಮಾಯ್ದ ಮೇಲೂ ಕಲೆ ಉಳಿಯುವ ಹಾಗೆ, ವೈರಸ್ ಪೂರ್ತಿ ಹೋದ ಮೇಲೂ ಆಂಟಿಬಾಡಿ ಉಳಿದಿರುತ್ತದೆ. ಎಷ್ಟೋ ಜನರಲ್ಲಿ ಜೀವನಪೂರ್ತಿ ಇರುತ್ತದೆ. ವೈರಸ್ ಈಗ ಇದೆಯೋ ಇಲ್ಲವೋ ತಿಳಿಯಬೇಕಂದ್ರೆ ಆರ್‌ಎನ್‌ಎ ಟೆಸ್ಟ್ ಮಾಡಿಸಬೇಕು. ವೈರಲ್ ಲೋಡ್ ಅಂತಾರಲ್ಲ, ಅದೇ. ಮಾತ್ರೆ ಮುಗಿದು 12 ವಾರ ಆದ ಮೇಲೆ ಈ ಟೆಸ್ಟ್‌ನಲ್ಲಿ ವೈರಸ್ ಕಾಣಿಸಲಿಲ್ಲ ಅಂದರೆ ಕಾಯಿಲೆ ವಾಸಿಯಾಯಿತು ಅಂತಲೇ ಅರ್ಥ. ಹಳೇ ವೈರಸ್ ಹಾಗೆ ಹೋದ ಮೇಲೆ ಮತ್ತೆ ತಲೆ ಎತ್ತುವುದು ಬಹಳ ಅಪರೂಪ. ಆದರೆ ಹೊಸದಾಗಿ ಸೋಂಕು ತಗುಲಬಹುದು. ಆಂಟಿಬಾಡಿ ಇದೆ ಅಂತ ರಕ್ಷಣೆಯೇನೂ ಸಿಗುವುದಿಲ್ಲ. ಹಾಗಾಗಿ ಅನುಮಾನ ಇದ್ದರೆ ಒಂದು ಆರ್‌ಎನ್‌ಎ ಟೆಸ್ಟ್ ಮಾಡಿಸಿ ನೆಮ್ಮದಿಯಾಗಿರಿ.

ನಿಮ್ಮ ಮನೆಯಲ್ಲಿ ಒಬ್ಬರ ವಿಷಯದಲ್ಲಿ ಆದ ಗೊಂದಲ ಇದೆಯಲ್ಲ, ದೇಶದ ಲೆಕ್ಕದಲ್ಲೂ ಅದೇ ಆಗುತ್ತದೆ. ಬರೀ ಆಂಟಿಬಾಡಿ ಪಾಸಿಟಿವ್ ಆದವರನ್ನು ಎಣಿಸುತ್ತಾ ಹೋದರೆ, ಒಂದು ದೇಶ ಎಲ್ಲರಿಗೂ ಔಷಧಿ ಕೊಟ್ಟು ಎಲ್ಲರನ್ನೂ ವಾಸಿ ಮಾಡಿದರೂ ಆ ಅಂಕಿ ಇಳಿಯುವುದೇ ಇಲ್ಲ.

ಜಾರ್ಜಿಯಾ ದೇಶವನ್ನೇ ನೋಡಿ. ಕಪ್ಪು ಸಮುದ್ರದ ಪಕ್ಕದ ಪುಟ್ಟ ದೇಶ. 2015ರಲ್ಲಿ ಅಲ್ಲಿ ದೇಶವ್ಯಾಪಿ ರಕ್ತ ಸಮೀಕ್ಷೆ ಮಾಡಿದರು. ದೊಡ್ಡವರಲ್ಲಿ ಶೇ 7.7 ಜನಕ್ಕೆ ಆಂಟಿಬಾಡಿ ಇತ್ತು, ಶೇ 5.4 ಜನರ ರಕ್ತದಲ್ಲಿ ವೈರಸ್ಸೇ ಇತ್ತು. ಅದೇ ವರ್ಷ ಹೆಪಟೈಟಿಸ್ ಸಿ ನಿರ್ಮೂಲನೆ ಕಾರ್ಯಕ್ರಮ ಶುರುವಾಯಿತು. ಈ ಮಾತ್ರೆ ತಯಾರಿಸುವ ಅಮೆರಿಕದ ಗಿಲಿಯಾಡ್ ಕಂಪನಿ ಔಷಧಿ ಉಚಿತವಾಗಿ ಕೊಟ್ಟಿತು. 2021ರಲ್ಲಿ ಮತ್ತೆ ಸಮೀಕ್ಷೆ ನಡೆಯಿತು. ಆಂಟಿಬಾಡಿ ಶೇ 6.8, ಅಂದರೆ ಹೆಚ್ಚು ಕಡಿಮೆ ಅಷ್ಟೇ. ಆದರೆ ವೈರಸ್ ಇದ್ದವರು ಶೇ 1.8ಕ್ಕೆ ಇಳಿದಿದ್ದರು. ಮೊದಲನೇ ಅಂಕಿ ಮಾತ್ರ ನೋಡಿದವರು ಆರು ವರ್ಷದ ಕೆಲಸ ದಂಡ ಆಯಿತು ಅಂದುಕೊಳ್ಳುತ್ತಿದ್ದರು. ಎರಡನೇ ಅಂಕಿ ನೋಡಿದರೆ ಮೂರನೇ ಎರಡು ಭಾಗದಷ್ಟು ಸೋಂಕು ಕಡಿಮೆಯಾಗಿದೆ. ಹಾಗಾಗಿ ಹೆಪಟೈಟಿಸ್ ಸಿ ಬಗ್ಗೆ ಯಾವುದೇ ಸಂಖ್ಯೆ ಓದಿದಾಗಲೂ ಇದು ಯಾವ ಟೆಸ್ಟಿನ ಲೆಕ್ಕ ಅಂತ ಮೊದಲು ಕೇಳಿ.

ಈಗ ಲೆಕ್ಕ ಹಾಕುವ ದಾರಿಗಳಿಗೆ ಬರೋಣ.

ಹೆಚ್ಚಿನ ದೇಶಗಳಲ್ಲಿ ಇರುವುದು ವರದಿ ವ್ಯವಸ್ಥೆ. ಲ್ಯಾಬ್‌ನಲ್ಲಿ ಪಾಸಿಟಿವ್ ಬಂದರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕೇಳಲು ಸರಳವಾಗಿದೆ. ಇದರ ತೊಂದರೆ ಏನೆಂದರೆ, ಹೆಪಟೈಟಿಸ್ ಸಿ ಬಂದಾಗ ಹತ್ತರಲ್ಲಿ ಎಂಟು ಜನಕ್ಕೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಸುಮಾರು ಶೇ 30 ಜನರಲ್ಲಿ ಮೊದಲ ಆರು ತಿಂಗಳೊಳಗೆ ವೈರಸ್ ತಾನಾಗಿಯೇ ಹೋಗಿಬಿಡುತ್ತದೆ. ಮಿಕ್ಕ ಶೇ 70 ಜನರಲ್ಲಿ ಅದು ಅಲ್ಲೇ ತಳ ಊರುತ್ತದೆ. ಲಿವರ್ ಮೆಲ್ಲಗೆ ಗಟ್ಟಿಯಾಗುತ್ತಾ ಹೋಗುತ್ತದೆ. 20 ವರ್ಷದಲ್ಲಿ ಇವರಲ್ಲಿ ಶೇ 15ರಿಂದ 30 ಜನಕ್ಕೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗಿ ಕೆಡುವುದು) ಆಗಬಹುದು. ಅಷ್ಟು ವರ್ಷ ಮನುಷ್ಯ ಆರಾಮಾಗಿ ಓಡಾಡಿಕೊಂಡೇ ಇರುತ್ತಾನೆ. ಟೆಸ್ಟ್ ಮಾಡಿಸಲು ಕಾರಣವೇ ಇರುವುದಿಲ್ಲ. ಇದರಿಂದಾಗಿ ಈ ವರ್ಷ ವರದಿಯಾದ ಪ್ರಕರಣ ಎಷ್ಟು ಅನ್ನುವುದು, ಈ ವರ್ಷ ಎಷ್ಟು ಜನಕ್ಕೆ ಟೆಸ್ಟ್ ಮಾಡಿದೆವು ಅನ್ನುವುದನ್ನೇ ಜಾಸ್ತಿ ಹೇಳುತ್ತದೆ. ಟೆಸ್ಟ್ ಹೆಚ್ಚು ಮಾಡಿದ ವರ್ಷ ಪ್ರಕರಣವೂ ಏರುತ್ತದೆ. ಅದು ಒಳ್ಳೆಯ ಸುದ್ದಿಯೂ ಇರಬಹುದು. ನೀವು ಓದಿದ ಏರಿಕೆ ಎಲ್ಲ ಕಡೆಯೂ ಇದೇ ಅಂತ ಹೇಳಲಾರೆ. ಅಮೆರಿಕದಲ್ಲಿ 2010ರ ನಂತರ ಹೊಸ ಸೋಂಕು ನಿಜವಾಗಿಯೇ ಏರಿತು. ಓಪಿಯಾಯ್ಡ್ ಮಾದಕ ಔಷಧಿಗಳನ್ನು ಚುಚ್ಚಿಕೊಳ್ಳುವ ಯುವಕರು ಒಂದೇ ಸೂಜಿ ಹಂಚಿಕೊಂಡಿದ್ದು ಅದಕ್ಕೆ ಮುಖ್ಯ ಕಾರಣ.

ವರದಿ ವ್ಯವಸ್ಥೆಯಲ್ಲಿ ನನಗೆ ತುಂಬಾ ಕಾಡುವ ದೋಷ ಇನ್ನೊಂದಿದೆ. ಎಷ್ಟೋ ಕಡೆ ಪಾಸಿಟಿವ್ ವರದಿಯನ್ನು ಮಾತ್ರ ಕಳಿಸುತ್ತಾರೆ. ಒಬ್ಬರ ಹೆಸರು ರಿಜಿಸ್ಟರಿಗೆ ಸೇರುತ್ತದೆ. ಅವರು ಮಾತ್ರೆ ತಗೊಂಡು ವಾಸಿಯಾಗುತ್ತಾರೆ. ಆಮೇಲೆ ಮಾಡಿದ ಆರ್‌ಎನ್‌ಎ ಟೆಸ್ಟ್ ನೆಗೆಟಿವ್ ಬರುತ್ತದೆ. ಆ ಕಾಗದ ಲ್ಯಾಬಿನಲ್ಲೇ ಉಳಿಯುತ್ತದೆ, ಕಳಿಸಬೇಕು ಅನ್ನುವ ನಿಯಮವೇ ಇರುವುದಿಲ್ಲ. ರಿಜಿಸ್ಟರಿನಲ್ಲಿ ಅವರು ಇನ್ನೂ ರೋಗಿಯೇ. ಅವರು ಬೇರೆ ಊರಿಗೆ ಹೋದರೂ ರೋಗಿ, ತೀರಿಕೊಂಡರೂ ರೋಗಿ. ಮೂರು ಆಸ್ಪತ್ರೆಯಲ್ಲಿ ಟೆಸ್ಟ್ ಮಾಡಿಸಿದ್ದರೆ, ಹೆಸರಿನ ಕಾಗುಣಿತ ಬೇರೆ ಬೇರೆ ಆಗಿದ್ದರೆ, ಮೂರು ರೋಗಿಗಳು! ವಾಸಿಯಾದವರನ್ನು ಕಾಣಬೇಕಾದರೆ ನೆಗೆಟಿವ್ ವರದಿಯೂ ಬರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚು ದುಡ್ಡೂ ಬೇಡ. ಒಂದು ಆದೇಶ ಹೊರಡಿಸಿದರೆ ಸಾಕು.

ಎರಡನೇ ದಾರಿ ರಕ್ತ ಸಮೀಕ್ಷೆ. ದೇಶದ ಉದ್ದಗಲಕ್ಕೂ ಒಂದಷ್ಟು ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಅಲ್ಲಿನವರ ರಕ್ತ ಪರೀಕ್ಷಿಸುವುದು. ಜಾರ್ಜಿಯಾದ ಅಂಕಿ ಬಂದಿದ್ದು ಹೀಗೆ. ಈಜಿಪ್ಟ್‌ನಲ್ಲೂ 2008ರಲ್ಲಿ ಹೀಗೇ ಮಾಡಿದಾಗ 15ರಿಂದ 59 ವಯಸ್ಸಿನವರಲ್ಲಿ ಶೇ 14.7 ಜನಕ್ಕೆ ಆಂಟಿಬಾಡಿ ಸಿಕ್ಕಿತು. ಕಾಯಿಲೆ ಜಾಸ್ತಿ ಇರುವ ಕಡೆ ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಮೆ ಇರುವ ಕಡೆ ಕಷ್ಟ. ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಹತ್ತು ಸಾವಿರ ಜನರಲ್ಲಿ 30 ಜನಕ್ಕೆ ನಿಜವಾಗಿ ಆಂಟಿಬಾಡಿ ಇದೆ ಅಂದುಕೊಳ್ಳಿ. ನಿಮ್ಮ ಟೆಸ್ಟ್ ಬಹಳ ಚೆನ್ನಾಗಿದೆ, ಇಲ್ಲದವರಲ್ಲಿ ಶೇ 99.5 ಜನಕ್ಕೆ ಇಲ್ಲ ಅಂತಲೇ ಹೇಳುತ್ತದೆ. ಆದರೂ ಮಿಕ್ಕ 9,970 ಜನರಲ್ಲಿ ಸುಮಾರು 50 ಜನಕ್ಕೆ ಸುಳ್ಳು ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಏನೂ ಇಲ್ಲ. ಎರಡನೇ ಟೆಸ್ಟ್ ಇಲ್ಲದೆ ಯಾರಿಗೂ ನಿಮಗೆ ಹೆಪಟೈಟಿಸ್ ಸಿ ಇದೆ ಅಂತ ಹೇಳಬಾರದು ಅನ್ನುವುದು ಇದಕ್ಕೇ.

ಮನೆ ಸಮೀಕ್ಷೆ ಅಂದರೆ ಮನೆಯಲ್ಲಿ ಸಿಗುವವರ ಲೆಕ್ಕ. ಜೈಲಿನಲ್ಲಿರುವವರು, ಬೀದಿಯಲ್ಲಿ ಮಲಗುವವರು, ಊರೂರು ಅಲೆಯುವ ಕೂಲಿಗಳು ಅದರಲ್ಲಿ ಬರುವುದೇ ಇಲ್ಲ. ಸೋಂಕು ಹೆಚ್ಚಾಗಿ ಇರುವುದು ಅವರಲ್ಲೇ. ಡಯಾಲಿಸಿಸ್ ಘಟಕಗಳು, ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳು, ಸೂಜಿಯಿಂದ ಮಾದಕ ವಸ್ತು ತಗೊಳ್ಳುವವರು, ಇವರಿಗೆಲ್ಲ ಬೇರೆಯದೇ ಸಮೀಕ್ಷೆ ಬೇಕು. ಅದನ್ನು ಮಾಡದೆ ಬರೀ ಮನೆ ಸಮೀಕ್ಷೆ ಇಟ್ಟುಕೊಂಡು ನಮ್ಮಲ್ಲಿ ಕಡಿಮೆ ಇದೆ ಅಂತ ಹೇಳುವ ಸರ್ಕಾರಗಳ ಮಾತನ್ನು ನಾನು ಒಪ್ಪುವುದಿಲ್ಲ.

ಸಾವಿನ ಲೆಕ್ಕ ಇನ್ನೂ ಸೊರಗಿದೆ. ಲಿವರ್ ಕ್ಯಾನ್ಸರಿನಿಂದ ಸತ್ತವರ ಮರಣ ಪ್ರಮಾಣಪತ್ರದಲ್ಲಿ ಲಿವರ್ ಕ್ಯಾನ್ಸರ್ ಅಂತ ಬರೆದು ಮುಗಿಸುತ್ತಾರೆ. ಅದನ್ನು ತಂದ ವೈರಸ್ಸಿನ ಹೆಸರು ಎಷ್ಟೋ ಸಲ ಬರುವುದಿಲ್ಲ.

ಇವೆಲ್ಲ ಎಷ್ಟು ಜನಕ್ಕೆ ಇದೆ ಅನ್ನುವ ಲೆಕ್ಕ. ಎಷ್ಟು ಜನಕ್ಕೆ ಔಷಧಿ ತಲುಪಿದೆ ಅಂತ ತಿಳಿಯಲು ಬೇರೆ ರೀತಿ ನೋಡಬೇಕು. ಒಬ್ಬ ಮನುಷ್ಯನನ್ನು ಮೊದಲ ಟೆಸ್ಟಿನಿಂದ ಕೊನೆಯ ಟೆಸ್ಟಿನವರೆಗೆ ಕೈ ಬಿಡದೆ ಹಿಂಬಾಲಿಸಬೇಕು. ಆಂಟಿಬಾಡಿ ಟೆಸ್ಟ್ ಆಯಿತಾ, ಆರ್‌ಎನ್‌ಎ ಟೆಸ್ಟ್ ಆಯಿತಾ, ಮಾತ್ರೆ ಶುರು ಮಾಡಿದರಾ, ಮುಗಿಸಿದರಾ, 12 ವಾರದ ನಂತರ ಬಂದು ಪರೀಕ್ಷೆ ಮಾಡಿಸಿಕೊಂಡರಾ? ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಜನ ಕಳೆದುಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 5 ಕೋಟಿ ಜನಕ್ಕೆ ಹೆಪಟೈಟಿಸ್ ಸಿ ಇತ್ತು. 2022ರ ಕೊನೆಗೆ ಇವರಲ್ಲಿ ಶೇ 36 ಜನಕ್ಕೆ ಮಾತ್ರ ತಮಗೆ ಕಾಯಿಲೆ ಇರುವುದು ಗೊತ್ತಾಗಿತ್ತು. ಔಷಧಿ ಸಿಕ್ಕಿದ್ದು ಶೇ 20 ಜನಕ್ಕೆ. 2030ರ ಹೊತ್ತಿಗೆ ಇಟ್ಟುಕೊಂಡ ಗುರಿ ಶೇ 90 ಜನಕ್ಕೆ ಪತ್ತೆ, ಶೇ 80 ಜನಕ್ಕೆ ಚಿಕಿತ್ಸೆ.

ಜನ ಎಲ್ಲಿ ಕಳೆದುಹೋಗುತ್ತಾರೆ? ಬಹಳ ಜನ ಆ ಎರಡು ಟೆಸ್ಟ್‌ಗಳ ನಡುವೆ. ಒಬ್ಬ ಕೂಲಿ ಕೆಲಸದವನು ರಕ್ತ ಕೊಟ್ಟು ಹೋಗುತ್ತಾನೆ ಅಂದುಕೊಳ್ಳಿ. ಎರಡು ದಿನ ಬಿಟ್ಟು ವರದಿಗೆ ಬರುತ್ತಾನೆ. ಕೌಂಟರಿನಲ್ಲಿ ಪಾಸಿಟಿವ್ ಬಂದಿದೆ, ಇನ್ನೊಂದು ಟೆಸ್ಟ್ ಆಗಬೇಕು, ದೊಡ್ಡಾಸ್ಪತ್ರೆಗೆ ಹೋಗಿ ಅಂತ ಚೀಟಿ ಕೊಡುತ್ತಾರೆ. ಅಲ್ಲಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಗುತ್ತದೆ. ಹೋದರೆ ಮತ್ತೆ ರಕ್ತ ತೆಗೆಯುತ್ತಾರೆ, ವರದಿಗೆ ಇನ್ನೊಂದು ದಿನ ಬನ್ನಿ ಅಂತಾರೆ. ಮೈಯಲ್ಲಿ ನೋವಿಲ್ಲ, ಜ್ವರವಿಲ್ಲ, ಕೆಲಸ ಮಾಡಲು ಏನೂ ತೊಂದರೆಯಿಲ್ಲ. ಆ ಚೀಟಿ ಅಂಗಿ ಜೇಬಿನಲ್ಲೇ ಒಗೆತಕ್ಕೆ ಹೋಗುತ್ತದೆ. ಅವನನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಷ್ಟು ಸಲ ಓಡಾಡಿಸಿದ್ದು ನಾವು.

ಇದಕ್ಕೆ ಪರಿಹಾರ ಇದೆ, ಕಷ್ಟದ್ದೂ ಅಲ್ಲ. ಮೊದಲ ಸಲ ತೆಗೆದ ರಕ್ತದಲ್ಲೇ ಎರಡನೇ ಟೆಸ್ಟ್ ಮಾಡುವುದು. ಆಂಟಿಬಾಡಿ ಪಾಸಿಟಿವ್ ಬಂದ ತಕ್ಷಣ, ಯಾರನ್ನೂ ಕೇಳದೆ, ಅದೇ ಸ್ಯಾಂಪಲ್ಲನ್ನು ಲ್ಯಾಬಿನವರು ಆರ್‌ಎನ್‌ಎ ಟೆಸ್ಟಿಗೆ ಹಾಕುತ್ತಾರೆ. ಲ್ಯಾಬಿನವರು ಇದನ್ನು ರಿಫ್ಲೆಕ್ಸ್ ಟೆಸ್ಟ್ ಅನ್ನುತ್ತಾರೆ. ರೋಗಿ ವರದಿಗೆ ಬಂದಾಗ ಒಂದೇ ಕಾಗದದಲ್ಲಿ ಪೂರ್ತಿ ಉತ್ತರ ಇರುತ್ತದೆ. ದೊಡ್ಡ ಲ್ಯಾಬ್ ಹತ್ತಿರ ಇಲ್ಲದ ಕಡೆ, ಕ್ಷಯದ ಪರೀಕ್ಷೆಗೆ ಬಳಸುವ ಕಾರ್ಟ್ರಿಡ್ಜ್ ಯಂತ್ರದಲ್ಲೇ ಹೆಪಟೈಟಿಸ್ ಸಿ ಕಾರ್ಟ್ರಿಡ್ಜ್ ಹಾಕಿ ನೋಡಬಹುದು. ಬೆರಳು ಚುಚ್ಚಿ ತೆಗೆದ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ದೂರದ ಲ್ಯಾಬಿಗೆ ಕಳಿಸುವ ಪದ್ಧತಿಯೂ ಇದೆ. ಒಂದು ದೇಶ ಒಂದೇ ಒಂದು ಸುಧಾರಣೆ ಮಾಡಲು ಸಾಧ್ಯ ಅಂದರೆ ನಾನು ಈ ರಿಫ್ಲೆಕ್ಸ್ ಟೆಸ್ಟ್ ಕಡೆಗೇ ಬೆರಳು ತೋರಿಸುತ್ತೇನೆ. ರೋಗಿಗೂ ಲಾಭ, ಲೆಕ್ಕಕ್ಕೂ ಲಾಭ.

ಪತ್ತೆಯಾದ ಮೇಲೆ ಔಷಧಿ ಸಿಗಬೇಕಲ್ಲ. ಹಿಂದೆ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರೈಬಾವಿರಿನ್. ಆರು ತಿಂಗಳಿಂದ ಒಂದು ವರ್ಷದವರೆಗೆ ತಗೊಳ್ಳಬೇಕಿತ್ತು. ಜ್ವರ, ಖಿನ್ನತೆ, ರಕ್ತಹೀನತೆ ಎಲ್ಲ ಅನುಭವಿಸಿದ ಮೇಲೂ ವಾಸಿಯಾಗುತ್ತಿದ್ದವರು ಸುಮಾರು ಅರ್ಧದಷ್ಟು ಜನ. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್ ಮಾತ್ರೆಗೆ ಅನುಮತಿ ಸಿಕ್ಕಿತು. ಅಲ್ಲಿಂದ ಚಿತ್ರವೇ ಬದಲಾಯಿತು. ಈಗ 8ರಿಂದ 12 ವಾರ ಮಾತ್ರೆ ನುಂಗಿದರೆ ಶೇ 95ಕ್ಕೂ ಹೆಚ್ಚು ಜನಕ್ಕೆ ವಾಸಿಯಾಗುತ್ತದೆ. 1989ರಲ್ಲಿ ಪತ್ತೆಯಾದ ವೈರಸ್ಸಿಗೆ 25 ವರ್ಷದೊಳಗೆ ವಾಸಿ ಮಾಡುವ ಮಾತ್ರೆ ಬಂದದ್ದು ವೈದ್ಯಕೀಯದ ದೊಡ್ಡ ಗೆಲುವುಗಳಲ್ಲಿ ಒಂದು ಅಂತ ನಾನು ಮನಸಾರೆ ನಂಬಿದ್ದೇನೆ. ವೈರಸ್ ಹುಡುಕಿದ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು.

ಆದರೆ 12 ವಾರದ ಆ ಮಾತ್ರೆಗೆ ಅಮೆರಿಕದಲ್ಲಿ ಇಟ್ಟ ಬೆಲೆ 84,000 ಡಾಲರ್. ಒಂದು ಮಾತ್ರೆಗೆ 1,000 ಡಾಲರ್! ಆ ಬೆಲೆ ನೋಡಿ ಅಲ್ಲಿನ ಎಷ್ಟೋ ರಾಜ್ಯಗಳು ಬಡವರ ವಿಮೆಯಾದ ಮೆಡಿಕೇಡ್‌ನಲ್ಲಿ ಷರತ್ತು ಹಾಕಿದವು. ಲಿವರ್ ಚೆನ್ನಾಗಿ ಹಾಳಾಗಿದ್ದರೆ ಮಾತ್ರ ಮಾತ್ರೆ. ಇಷ್ಟು ತಿಂಗಳು ಕುಡಿತ, ಮಾದಕ ವಸ್ತು ಬಿಟ್ಟಿದ್ದರೆ ಮಾತ್ರ ಮಾತ್ರೆ. ತಜ್ಞ ವೈದ್ಯರೇ ಬರೆದುಕೊಟ್ಟರೆ ಮಾತ್ರ ಮಾತ್ರೆ. ವಾಸಿ ಮಾಡಬಹುದಾದ ಕಾಯಿಲೆಯವರಿಗೆ ಇನ್ನೂ ಸ್ವಲ್ಪ ಹದಗೆಟ್ಟ ಮೇಲೆ ಬಾ ಅನ್ನುವುದು ಯಾವ ನ್ಯಾಯ? ಆಮೇಲೆ ಬಹಳ ರಾಜ್ಯಗಳು ಈ ಷರತ್ತುಗಳನ್ನು ಸಡಿಲಿಸಿದವು. ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. 2013ರಿಂದ 2022ರವರೆಗಿನ ಲ್ಯಾಬ್ ದಾಖಲೆ ಹಿಡಿದು ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂಬಾಲಿಸಿ ನೋಡಿತು. ಸೋಂಕು ಪತ್ತೆಯಾದವರಲ್ಲಿ ವೈರಸ್ ಹೋಗಿರುವುದಕ್ಕೆ ಪುರಾವೆ ಸಿಕ್ಕಿದ್ದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ.

ಆಸ್ಟ್ರೇಲಿಯಾ ಬೇರೆ ದಾರಿ ಹಿಡಿಯಿತು. 2016ರ ಮಾರ್ಚ್‌ನಿಂದ ಸರ್ಕಾರದ ಔಷಧಿ ಯೋಜನೆಯಲ್ಲೇ ಈ ಮಾತ್ರೆ ಸೇರಿಸಿತು. ಲಿವರ್ ಎಷ್ಟು ಕೆಟ್ಟಿದೆ ಅನ್ನುವ ಷರತ್ತಿಲ್ಲ. ಈಗಲೂ ಸೂಜಿ ಬಳಸುತ್ತಿರುವವರಿಗೂ ಕೊಡಬಹುದು. ಸಾಮಾನ್ಯ ಕುಟುಂಬ ವೈದ್ಯರೂ ಬರೆಯಬಹುದು. ಸೂಜಿ ಬಳಸುವವರಿಗೆ ಔಷಧಿ ಕೊಟ್ಟರೆ ವ್ಯರ್ಥ, ಮತ್ತೆ ತಗುಲಿಸಿಕೊಳ್ಳುತ್ತಾರೆ ಅನ್ನುವವರು ಇದ್ದಾರೆ. ಹರಡುವ ಜಾಗದಲ್ಲೇ ವೈರಸ್ ಕಡಿಮೆ ಮಾಡಿದರೆ ಹೊಸ ಸೋಂಕೂ ಕಡಿಮೆಯಾಗುತ್ತದೆ ಅಲ್ವಾ? ಹೊಸ ಸೂಜಿಯನ್ನೂ ಜೊತೆಗೇ ಕೊಡಬೇಕು, ಅಷ್ಟೇ.

ಬಡ ದೇಶಗಳಿಗೆ ದಾರಿ ತೆರೆದದ್ದು ಭಾರತದ ಜನರಿಕ್ ಔಷಧಿ, ಅಂದರೆ ಅದೇ ಔಷಧಿಯನ್ನು ಬೇರೆ ಕಂಪನಿಗಳು ಅಗ್ಗವಾಗಿ ತಯಾರಿಸಿದ್ದು. 2014ರ ಸೆಪ್ಟೆಂಬರಿನಲ್ಲಿ ಗಿಲಿಯಾಡ್ ಭಾರತದ ಕೆಲವು ಕಂಪನಿಗಳಿಗೆ ಸೋಫೋಸ್ಬುವಿರ್ ತಯಾರಿಸಿ 91 ದೇಶಗಳಿಗೆ ಮಾರಲು ಪರವಾನಗಿ ಕೊಟ್ಟಿತು. ಬೆಲೆ ಪಾತಾಳಕ್ಕೆ ಇಳಿಯಿತು. ಆ ಪಟ್ಟಿಯಲ್ಲಿ ಇಲ್ಲದ ಮಧ್ಯಮ ಆದಾಯದ ದೇಶಗಳು ಮಾತ್ರ ನಡುವೆ ಸಿಕ್ಕಿಹಾಕಿಕೊಂಡವು. ಮಲೇಷ್ಯಾ 2017ರಲ್ಲಿ ತನ್ನ ಕಾನೂನಿನ ಅಧಿಕಾರ ಬಳಸಿ ಪೇಟೆಂಟ್ ಬದಿಗಿಟ್ಟು ಜನರಿಕ್ ತರಿಸಿಕೊಳ್ಳಲು ತೀರ್ಮಾನಿಸಿತು. ಪಂಜಾಬ್ ರಾಜ್ಯ 2016ರಲ್ಲಿ ಉಚಿತ ಚಿಕಿತ್ಸೆ ಶುರು ಮಾಡಿತು. ದೊಡ್ಡ ಲಿವರ್ ತಜ್ಞರನ್ನೇ ಕಾಯದೆ ಜಿಲ್ಲಾಸ್ಪತ್ರೆಯ ಫಿಜಿಷಿಯನ್‌ಗಳಿಗೆ ತರಬೇತಿ ಕೊಟ್ಟರು. ಚಿಕಿತ್ಸೆ ಪಡೆದ ಹತ್ತರಲ್ಲಿ ಒಂಬತ್ತು ಜನಕ್ಕೂ ಹೆಚ್ಚು ವಾಸಿಯಾದರು. 2018ರ ಜುಲೈ 28ರಂದು ಭಾರತದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವೂ ಶುರುವಾಯಿತು. ಅದರಲ್ಲೂ ಪರೀಕ್ಷೆ, ಮಾತ್ರೆ ಎರಡೂ ಉಚಿತ.

ಎಲ್ಲಕ್ಕಿಂತ ದೊಡ್ಡ ಕೆಲಸ ಈಜಿಪ್ಟ್‌ನದು. ಅಲ್ಲಿ ಇಷ್ಟು ಹರಡಿದ್ದಕ್ಕೆ ಕಾರಣ ಕೇಳಿದರೆ ಸಂಕಟವಾಗುತ್ತದೆ. 1950ರಿಂದ 1980ರ ದಶಕದವರೆಗೆ ಬಿಲ್‌ಹಾರ್ಜಿಯಾ ಅನ್ನುವ ಹುಳದ ಕಾಯಿಲೆಗೆ ಸರ್ಕಾರವೇ ಹಳ್ಳಿ ಹಳ್ಳಿಗಳಲ್ಲಿ ಇಂಜೆಕ್ಷನ್ ಕೊಡಿಸಿತು. ಗಾಜಿನ ಸಿರಿಂಜ್‌ಗಳನ್ನು ಸರಿಯಾಗಿ ಕುದಿಸದೆ ಒಬ್ಬರಾದ ಮೇಲೆ ಒಬ್ಬರಿಗೆ ಬಳಸಿದರು. ಒಂದು ಕಾಯಿಲೆ ಓಡಿಸಲು ಹೋಗಿ ಇನ್ನೊಂದನ್ನು ಹಂಚಿದ ಹಾಗಾಯಿತು. ಆಗ ಈ ವೈರಸ್ ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಅದೇ ದೇಶ 2018ರ ಅಕ್ಟೋಬರಿನಿಂದ 2019ರ ಏಪ್ರಿಲ್‌ವರೆಗೆ, ಏಳು ತಿಂಗಳಲ್ಲಿ, ಸುಮಾರು 5 ಕೋಟಿ ಜನಕ್ಕೆ ಪರೀಕ್ಷೆ ಮಾಡಿತು. ಸುಮಾರು 22 ಲಕ್ಷ ಜನಕ್ಕೆ ಆಂಟಿಬಾಡಿ ಪಾಸಿಟಿವ್ ಬಂತು. ಅವರನ್ನು ಮುಂದಿನ ಪರೀಕ್ಷೆಗೆ, ಚಿಕಿತ್ಸೆಗೆ ಕಳಿಸಿದರು. ಮಾತ್ರೆ ಅಲ್ಲೇ ತಯಾರಾದದ್ದು. ಬೆರಳು ಚುಚ್ಚಿ ನೋಡುವುದರಿಂದ ಹಿಡಿದು ಮಾತ್ರೆ ಕೊಡುವವರೆಗೆ ಎಲ್ಲ ಮಾಹಿತಿ ಕಂಪ್ಯೂಟರಿನಲ್ಲಿ ದೇಶದ ಗುರುತಿನ ಸಂಖ್ಯೆಗೆ ಜೋಡಣೆಯಾಗಿತ್ತು. ಅದಕ್ಕೇ ಒಬ್ಬರು ಎರಡು ಸಲ ಎಣಿಕೆಯಾಗಲಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈಜಿಪ್ಟ್‌ಗೆ ನಿರ್ಮೂಲನೆಯ ಹಾದಿಯಲ್ಲಿ ಚಿನ್ನದ ಶ್ರೇಣಿ ಕೊಟ್ಟಿತು. ಈ ಮನ್ನಣೆ ಪಡೆದ ಮೊದಲ ದೇಶ ಅದೇ.

ಗುರುತಿನ ಸಂಖ್ಯೆ ಜೋಡಿಸುವುದರಲ್ಲಿ ಅಪಾಯವೂ ಇದೆ. ಕಾಯಿಲೆ ವಿಷಯ ಹೊರಗೆ ಹೋದರೆ ಕೆಲಸ ಹೋಗಬಹುದು, ಮದುವೆ ನಿಲ್ಲಬಹುದು. ಸೂಜಿ ಬಳಸುವವರಿಗೆ ಪೊಲೀಸರ ಭಯ ಬೇರೆ. ಮಾಹಿತಿ ಆರೋಗ್ಯ ಇಲಾಖೆಯಿಂದ ಆಚೆ ಹೋಗುವುದಿಲ್ಲ ಅನ್ನುವ ನಂಬಿಕೆ ಇಲ್ಲದಿದ್ದರೆ ಇಂಥವರು ಟೆಸ್ಟ್‌ಗೇ ಬರುವುದಿಲ್ಲ. ಕೆಲವು ಕಡೆ ಹೆಸರಿನ ಬದಲು ಗುಪ್ತ ಸಂಕೇತ ಬಳಸುತ್ತಾರೆ. ನನ್ನ ಪ್ರಕಾರ ಅದೇ ಒಳ್ಳೆಯದು.

ಹಾಗಾದರೆ ಲೆಕ್ಕ ನಂಬಬಹುದಾ ಅಂತ ಕೇಳಿದಿರಿ. ಚಿಕಿತ್ಸೆ ಪಡೆದವರ ಲೆಕ್ಕ ತಕ್ಕಮಟ್ಟಿಗೆ ನಂಬಬಹುದು, ಯಾಕಂದ್ರೆ ಸರ್ಕಾರ ಕೊಟ್ಟ ಮಾತ್ರೆಗೆ ಲೆಕ್ಕ ಇರುತ್ತದೆ. ಖಾಸಗಿಯಾಗಿ ಕೊಂಡವರು ಅದರಲ್ಲಿ ಬಿಟ್ಟುಹೋಗುತ್ತಾರೆ. ವಾಸಿಯಾದವರ ಶೇಕಡಾವಾರು ಓದುವಾಗ ಸ್ವಲ್ಪ ಹುಷಾರು. ಮಾತ್ರೆ ಮುಗಿದ ಮೇಲೆ ಆರಾಮಾಗಿದ್ದೇನೆ ಅಂತ ಬಹಳ ಜನ ಕೊನೆಯ ಟೆಸ್ಟಿಗೆ ಬರುವುದೇ ಇಲ್ಲ. ಬಂದವರಲ್ಲಿ ಶೇ 97 ವಾಸಿ ಅನ್ನುವುದಕ್ಕೂ, ಮಾತ್ರೆ ಶುರು ಮಾಡಿದವರಲ್ಲಿ ಶೇ 97 ವಾಸಿ ಅನ್ನುವುದಕ್ಕೂ ವ್ಯತ್ಯಾಸ ಇದೆ. ಒಟ್ಟು ಎಷ್ಟು ಜನಕ್ಕೆ ಕಾಯಿಲೆ ಇದೆ ಅನ್ನುವುದು ಯಾವಾಗಲೂ ಅಂದಾಜೇ. ಆ ಅಂದಾಜಿನಲ್ಲಿ ಜೈಲು, ಬೀದಿ, ಡಯಾಲಿಸಿಸ್ ಘಟಕ ಸೇರಿವೆಯಾ ಅಂತ ನೋಡಿ.

ನಿಮ್ಮ ದೊಡ್ಡಪ್ಪನವರಿಗೆ ಒಂದೆರಡು ಮಾತು. ಚಿಕಿತ್ಸೆಯ ನಂತರದ ಆರ್‌ಎನ್‌ಎ ವರದಿ ಮನೆಯಲ್ಲಿದ್ದರೆ ಹುಡುಕಿ, ಜೋಪಾನವಾಗಿ ಇಟ್ಟುಕೊಳ್ಳಿ. ಆಪರೇಷನ್ ಮಾಡುವ ಡಾಕ್ಟರಿಗೆ ತೋರಿಸಿ. ಮುಂದೆ ಎಲ್ಲಿ ರಕ್ತ ಪರೀಕ್ಷೆ ಮಾಡಿಸಿದರೂ ಆಂಟಿಬಾಡಿ ಪಾಸಿಟಿವ್ ಬರುವ ಸಾಧ್ಯತೆಯೇ ಹೆಚ್ಚು. ಪ್ರತಿ ಸಲ ಗಾಬರಿಯಾಗಬೇಡಿ. ಅವರ ತಟ್ಟೆ, ಲೋಟ ಬೇರೆ ಇಡುವುದೇನೂ ಬೇಡ. ಜೊತೆಗೆ ಕೂತು ಊಟ ಮಾಡಿದರೆ, ಅಪ್ಪಿಕೊಂಡರೆ ಈ ವೈರಸ್ ಹರಡುವುದೇ ಇಲ್ಲ. ಚಿಕಿತ್ಸೆಗೆ ಮುಂಚೆಯೇ ಅವರಿಗೆ ಸಿರೋಸಿಸ್ ಆಗಿತ್ತಾ ಅನ್ನುವುದನ್ನು ಮಾತ್ರ ಹಳೇ ಕಾಗದಗಳಲ್ಲಿ ನೋಡಿ. ಆಗಿದ್ದರೆ ವೈರಸ್ ಹೋದ ಮೇಲೂ ಲಿವರ್ ಕ್ಯಾನ್ಸರಿನ ಅಪಾಯ ಸ್ವಲ್ಪ ಉಳಿದಿರುತ್ತದೆ. ಅಂಥವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು.